ಓದಿ ಹೇಳಲಾಗಿ ಕೇಳಿ ತಿಳಿದು

ಎದುರಿಗೆ ನಿಂತಿದ್ದ ಬಸ್ಸಿನ ಬೋರ್ಡನ್ನು ಓಂಕಾರಮೂರ್ತಿ ನೋಡುತ್ತಲೇ ಇದ್ದ. ಚಳ್ಳಕೆರೆಯ ಬಸ್ ಸ್ಟ್ಯಾಂಡಿನಲ್ಲಿ ಮೂವತ್ತು ವರ್ಷದಿಂದ ದಿನವೂ ಬಸ್ಸು ಹತ್ತುವವನು ಹೀಗೆ ಬೋರ್ಡಿನ ಮುಂದೆ ನಿಂತದ್ದು ಇದೇ ಮೊದಲು. ಬೋರ್ಡು ಚೆನ್ನಾಗಿಯೇ ಕಾಣುತ್ತಿತ್ತು. ಮೂಲೆಯಲ್ಲಿ ಬಣ್ಣ ಕಿತ್ತುಹೋದದ್ದು ಕಾಣುತ್ತಿತ್ತು, ಗಾಜಿನ ಮೇಲೆ ಯಾರೋ ಬಳಿದ ವಿಭೂತಿ ಕಾಣುತ್ತಿತ್ತು, ಅಕ್ಷರಗಳೂ ಕಾಣುತ್ತಿದ್ದವು. ಗುಂಡು, ಕೊಂಬು, ಒತ್ತು ಎಲ್ಲ ತಮ್ಮ ತಮ್ಮ ಜಾಗದಲ್ಲೇ ಇದ್ದವು. ಆದರೆ ಅವು ಏನೂ ಹೇಳುತ್ತಿರಲಿಲ್ಲ. ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿ ಮತ್ತೆ ಹಾಕಿಕೊಂಡ. ಬೆಳಗಿನಿಂದ ಇದು ಎಂಟನೆಯ ಸಲವೋ ಒಂಬತ್ತನೆಯದೋ. ಕೊನೆಗೆ ಹತ್ತಿರ ಹೋಗಿ ಕಂಡಕ್ಟರನ್ನು ಕೇಳಿದ, "ಮೊಳಕಾಲ್ಮೂರಿಗೆ ಹೋಗ್ತೈತೇನಪ್ಪ ಇದು?" ಕಂಡಕ್ಟರ್ ದಿನವೂ ನೋಡುವ ಮುಖ. "ಏನ್ ಸ್ವಾಮಿ, ಅಷ್ಟು ದಪ್ಪಕ್ಕೆ ಬರ್ದೈತಲ್ಲ" ಎಂದು ನಕ್ಕ. ಓಂಕಾರಮೂರ್ತಿಯೂ ನಕ್ಕ. ಇದೇ ಮಾತನ್ನು ತಾನು ಎಷ್ಟು ಜನಕ್ಕೆ ಅಂದಿರಬಹುದು ಎಂದು ನೆನೆಯುತ್ತ ಮೆಟ್ಟಿಲು ಹತ್ತುವಾಗ ಬಲಗಡೆಯ ಕಂಬಿಗೆ ಭುಜ ಬಡಿಯಿತು. ಕಂಬಿ ಇದ್ದದ್ದು ಅವನಿಗೆ ಕಂಡಿರಲೇ ಇಲ್ಲ.

ಬೆಳಿಗ್ಗೆ ಪೇಪರ್ ಬಿಡಿಸಿದಾಗ ಅವನಿಗೆ ಬಂದದ್ದು ಸಿಟ್ಟು. "ನೋಡೇ ಮಂಜುಳಾ, ತೆಲುಗು ಪೇಪರ್ ಹಾಕಿ ಹೋಗ್ಯಾನೆ" ಎಂದು ಅಡುಗೆಮನೆಗೆ ಕೇಳುವ ಹಾಗೆ ಕೂಗಿದ್ದ. ಗಡಿ ಹತ್ತಿರದ ಊರುಗಳಲ್ಲಿ ಅಂಥ ತಪ್ಪು ಆಗುವುದೇ. ಮಂಜುಳಮ್ಮ ಕಾಫಿ ಲೋಟ ಹಿಡಿದು ಬಂದು, ಹೆಗಲ ಮೇಲಿಂದ ಬಗ್ಗಿ ನೋಡಿ, "ಕನ್ನಡದ್ದೇ ಐತಲ್ರೀ, ದಿನಾ ಬರೋದೇ" ಎಂದಳು. ಅವಳ ದನಿಯಲ್ಲಿ ಅನುಮಾನವೇನೂ ಇರಲಿಲ್ಲ. ಅವನು ತಮಾಷೆಗೆ ಅಂದೆ ಎಂಬಂತೆ ಪೇಪರನ್ನು ಮಡಿಸಿ ಇಟ್ಟ. ಹಾಗೆ ನೋಡಿದರೆ ತೆಲುಗನ್ನೂ ಅವನು ತಡವರಿಸುತ್ತ ಓದಬಲ್ಲವನೇ. ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಂಡು ಸೋಪಿನ ಪೊಟ್ಟಣ ನೋಡಿದ, ಟೂತ್‌ಪೇಸ್ಟ್ ನೋಡಿದ. ಹೊರಗೆ ಬಂದು ಕ್ಯಾಲೆಂಡರಿನ ಹಾಳೆಯ ಹಿಂದೆ ಪೆನ್ನಿನಲ್ಲಿ ತನ್ನ ಹೆಸರು ಬರೆದ: ಓಂಕಾರಮೂರ್ತಿ, ಪತ್ರ ಬರಹಗಾರರು, ಮೊಳಕಾಲ್ಮೂರು. ಕೈ ಎಲ್ಲಿಯೂ ತಡೆಯಲಿಲ್ಲ, ದುಂಡಗೆ ಓಡಿತು. ಬರೆದು ಮುಗಿಸಿ, ಒಂದು ಉಸಿರು ಬಿಟ್ಟು ಅದನ್ನೇ ನೋಡಿದ. ತಾನೇ ಆಗಷ್ಟೇ ಬರೆದದ್ದು. ಒಂದಕ್ಷರವೂ ತಿಳಿಯಲಿಲ್ಲ. ಹೆದರಿ ಹಾಳೆಯನ್ನು ಮತ್ತೆ ಗೋಡೆಗೆ ತಿರುಗಿಸಿಬಿಟ್ಟ. ಹೆಂಡತಿಗೆ ಹೇಳಬೇಕಿತ್ತು. ಹೇಳಿದರೆ ಅದು ನಿಜವಾಗಿಬಿಡುತ್ತದೆ ಎನ್ನಿಸಿ, ಇವತ್ತು ಬೇಗ ಹೋಗಬೇಕು, ರಂಗಕ್ಕನ ಪತ್ರದ ನೋಂದಣಿ ಇದೆ ಎಂದಷ್ಟೇ ಹೇಳಿ ಚಪ್ಪಲಿ ಮೆಟ್ಟಿದ್ದ.

ಬಸ್ಸು ತಳುಕು ದಾಟಿತು. ಈ ದಾರಿಯ ಗೋಡೆಗಳ ಮೇಲೆ ಸಿಮೆಂಟು, ಬಿತ್ತನೆ ಬೀಜ, ಮೂಲವ್ಯಾಧಿಯ ವೈದ್ಯರು, ಯಾವುದೋ ಹಳೆಯ ಚುನಾವಣೆ ಎಲ್ಲ ಇದ್ದವು. ನಿನ್ನೆಯವರೆಗೆ ಬೇಡವೆಂದರೂ ಕಣ್ಣು ಅವನ್ನೆಲ್ಲ ಓದಿಕೊಂಡೇ ಹೋಗುತ್ತಿತ್ತು. ಒಮ್ಮೊಮ್ಮೆ ಬೇಸರ ಬಂದು ಕಣ್ಣು ಮುಚ್ಚಿ ಕೂತದ್ದೂ ಉಂಟು. ಓದುವುದು ತಾನು ಮಾಡುವ ಒಂದು ಕೆಲಸ ಎಂದು ಅವನಿಗೆ ಯಾವತ್ತೂ ಅನ್ನಿಸಿರಲಿಲ್ಲ. ಕಣ್ಣು ಬಿದ್ದರೆ ಸಾಕು, ಮಾತು ಒಳಗೆ ಬಂದು ಕೂತಿರುತ್ತಿತ್ತು, ನಡುವೆ ಏನು ನಡೆಯುತ್ತದೆಂದು ಯಾರು ನೋಡಿದ್ದರು? ಈಗ ಗೋಡೆಗಳು ಸುಮ್ಮನಿದ್ದವು. ಬಣ್ಣ ಬಣ್ಣದ ಗೋಡೆಗಳು ಒಂದೂ ಮಾತಾಡದೆ ಹಿಂದೆ ಸರಿಯುತ್ತಿದ್ದವು. ಆ ಮೌನ ಅವನಿಗೆ ತಡೆಯಲಾಗಲಿಲ್ಲ. ಪಕ್ಕದವನು ಮೊಬೈಲ್ ಚಾಚಿ, "ಯಜಮಾನ್ರೇ, ಇದೇನು ಮೆಸೇಜು ಬಂದೈತೆ ನೋಡ್ರಿ, ನಂಗೆ ಕನ್ನಡಕ ಇಲ್ಲ" ಎಂದ. ಓಂಕಾರಮೂರ್ತಿ ಅದನ್ನು ಕೈಗೆ ತೆಗೆದುಕೊಂಡು, ಮುಖದ ಹತ್ತಿರ ಹಿಡಿದು, ದೂರ ಹಿಡಿದು, "ಕಂಪನಿಯೋರು ಕಳ್ಸಿರ್ತಾರೆ ಬಿಡು, ಏನೂ ಇಲ್ಲ" ಎಂದು ಹಿಂದಿರುಗಿಸಿದ. ಏನೂ ಇಲ್ಲ ಎಂದು ಎಷ್ಟು ಸಲೀಸಾಗಿ ಅಂದೆ. ಯಾರದಾದರೂ ಸಾವಿನ ಸುದ್ದಿಯೇ ಇದ್ದಿದ್ದರೆ?

ಕಿಟಕಿಯ ಗಾಜಿನ ಮೇಲೆ ಧೂಳು ಕೂತಿತ್ತು. ಪಕ್ಕದವನಿಗೆ ಬೆನ್ನು ತಿರುಗಿಸಿ ಕೂತು, ಬೆರಳಲ್ಲಿ ಧೂಳಿನ ಮೇಲೆ 'ಅ' ಎಂದು ಬರೆದ. ನೋಡಿದ. ಏನೋ ಒಂದು ಸುತ್ತು. ಅದರ ಮೇಲೇ ಮತ್ತೆ ಬೆರಳಾಡಿಸಿದಾಗ, ಬೆರಳು ಕೊನೆ ಮುಟ್ಟುವಷ್ಟರಲ್ಲಿ, 'ಅ' ಎಂದು ಒಳಗಿನಿಂದ ಯಾರೋ ಹೇಳಿದ ಹಾಗಾಯಿತು. ಕಣ್ಣಿಗೆ ತಿಳಿಯದ್ದು ಕೈಗೆ ತಿಳಿಯುತ್ತಿತ್ತು. ಹಾಲೇಶಪ್ಪ ಮೇಷ್ಟ್ರು ಹೀಗೇ ಅವನ ತೋರುಬೆರಳನ್ನು ತಮ್ಮ ಒರಟು ಕೈಯಲ್ಲಿ ಹಿಡಿದು ಮರಳಿನ ಮೇಲೆ ತಿದ್ದಿಸುತ್ತಿದ್ದರು. ಮರಳು ಬಿಸಿಲಿಗೆ ಕಾದಿರುತ್ತಿತ್ತು, ಬೆರಳ ತುದಿ ಉರಿಯುತ್ತಿತ್ತು. "ಕಣ್ಣು ಮುಚ್ಕೊಂಡು ಬರಿಯೋ, ಕಣ್ಣು ಮೋಸ ಮಾಡ್ತೈತೆ" ಎನ್ನುತ್ತಿದ್ದರು. ಅವನಿಗೆ ಆಗ ಅಳು ಬಂದಿತ್ತು. ಈಗಲೂ ಬಂತು. ಐವತ್ತೇಳು ವರ್ಷದ ಗಂಡಸು ಬಸ್ಸಿನ ಕಿಟಕಿಗೆ ಮುಖ ಒತ್ತಿ ಅಳುವುದನ್ನು ಯಾರಾದರೂ ನೋಡಿಯಾರೆಂದು ಗಾಜಿನ ಮೇಲಿನ ಅಕ್ಷರವನ್ನು ಅಂಗೈಯಿಂದ ಒರೆಸಿಬಿಟ್ಟ.

ಬಿ.ಜಿ. ಕೆರೆಯಲ್ಲಿ ಬಸ್ಸು ನಿಂತಾಗ ಓಬಯ್ಯ ಹತ್ತಿಬಿಟ್ಟರೆ ಎಂಬ ಭಯ ಇವತ್ತು ಹೊಸದಲ್ಲ. ಹನ್ನೊಂದು ವರ್ಷದ ಹಿಂದೆ ಓಬಯ್ಯ ಮತ್ತು ಅವನ ಅಣ್ಣನ ವಿಭಾಗಪತ್ರವನ್ನು ಓಂಕಾರಮೂರ್ತಿಯೇ ಬರೆದಿದ್ದ, ಅವನೇ ಓದಿ ಹೇಳಿದ್ದ. ಓಬಯ್ಯ ಕೈಕಟ್ಟಿ ನಿಂತು ಕೇಳಿ ಹೆಬ್ಬೆಟ್ಟು ಒತ್ತಿದ್ದ. ಆಮೇಲೆ ನೋಡಿದರೆ ಕಾಗದದಲ್ಲಿ ಬಾವಿ ಅಣ್ಣನ ಪಾಲಿಗೆ ಹೋಗಿತ್ತು. ಅದು ಹೇಗಾಯಿತೆಂದು ಓಂಕಾರಮೂರ್ತಿಗೆ ಇವತ್ತಿಗೂ ತಿಳಿದಿಲ್ಲ. ಲಂಚ ಮುಟ್ಟಿರಲಿಲ್ಲ, ಮೋಸ ಮಾಡಿರಲಿಲ್ಲ. ಬರೆಯುವಾಗ ಅವನ ಮನಸ್ಸಿನಲ್ಲಿ ಬಾವಿ ಓಬಯ್ಯನದೇ ಆಗಿತ್ತು, ಹಾಗೆಂದೇ ಬಾಯಿ ಓದಿತ್ತು. ಓಬಯ್ಯ ಜಗಳಕ್ಕೆ ಬರಲಿಲ್ಲ. ಬಂದಿದ್ದರೆ ಒಳ್ಳೆಯದಿತ್ತು. ಮೇಜಿನ ಮುಂದೆ ಬಂದು, ಟವೆಲ್ಲನ್ನು ಕೈಯಲ್ಲಿ ಹಿಡಿದು, "ಸ್ವಾಮಿ, ನೀವು ಓದ್ದಾಗ ಬಾವಿ ನಂದೇ ಇತ್ತಲ್ಲ?" ಎಂದು ನಿಜವಾಗಿಯೂ ತಿಳಿಯದವನ ಹಾಗೆ ಕೇಳಿ ನಿಂತಿದ್ದ. ಇವತ್ತು ಓಬಯ್ಯ ಹತ್ತಲಿಲ್ಲ. ಬಸ್ಸು ಹೊರಟಿತು.

ಮೊಳಕಾಲ್ಮೂರಿನ ನೋಂದಣಿ ಕಚೇರಿಯ ಎದುರು, ಇಫ್ತಿಕಾರನ ಕಂಪ್ಯೂಟರ್ ಅಂಗಡಿಯ ಜಗುಲಿಯ ಮೇಲೆ ಓಂಕಾರಮೂರ್ತಿಯ ಮೇಜು. ಅವನು ಕೈಯಲ್ಲಿ ಕರಡು ಬರೆದುಕೊಡುತ್ತಾನೆ, ಇಫ್ತಿಕಾರ್ ಟೈಪು ಮಾಡಿ ಪ್ರಿಂಟ್ ತೆಗೆಯುತ್ತಾನೆ. ಓದುಬಾರದವರು ಬಂದರೆ ಓಂಕಾರಮೂರ್ತಿ ಗಟ್ಟಿಯಾಗಿ ಓದಿ ಹೇಳಬೇಕು. 'ಓದಿ ಹೇಳಲಾಗಿ ಕೇಳಿ ತಿಳಿದು ಒಪ್ಪಿ ಹೆಬ್ಬೆಟ್ಟು ಹಾಕಿರುತ್ತೇನೆ' ಎಂದು ಪ್ರತಿ ಪತ್ರದ ಕೊನೆಗೂ ಬರುತ್ತದೆ. ರಂಗಕ್ಕ ಆಗಲೇ ಬಂದು ಬೆಂಚಿನ ತುದಿಯಲ್ಲಿ ಕೂತಿದ್ದಳು. ಪಕ್ಕದಲ್ಲಿ ಅವಳ ತಮ್ಮ ಹನುಮಣ್ಣ ನಿಂತಿದ್ದ. ಗಂಡ ಸತ್ತಮೇಲೆ ತವರಿಗೆ ಬಂದವಳು ರಂಗಕ್ಕ. ತಾಯಿಯ ಮನೆಯ ಬೀದಿಗೆ ಮುಖ ಮಾಡಿದ ಕೋಣೆಯಲ್ಲಿ ಮಗ್ಗ ಹೂಡಿಕೊಂಡು ಇಪ್ಪತ್ತು ವರ್ಷದಿಂದ ಸೀರೆ ನೇಯುತ್ತಾಳೆ. ಮಗ್ಗದ ಪಕ್ಕದಲ್ಲೇ ಅವಳ ಒಲೆ, ಅವಳ ಹಾಸಿಗೆ. ತಾಯಿ ತೀರಿದ ಮೇಲೆ ಮನೆ ಹನುಮಣ್ಣನಿಗಿರಲಿ, ಮಗ್ಗದ ಕೋಣೆಯೊಂದು ರಂಗಕ್ಕನಿಗಿರಲಿ ಎಂದು ಅಕ್ಕ ತಮ್ಮ ಜಗಳವಿಲ್ಲದೆ ಒಪ್ಪಿಕೊಂಡಿದ್ದರು. ಅದಕ್ಕೇ ಈ ಹಕ್ಕು ಬಿಡುಗಡೆ ಪತ್ರ. ನಿನ್ನೆ ಮಧ್ಯಾಹ್ನ ಓಂಕಾರಮೂರ್ತಿ ಕರಡು ಬರೆದು ಅಲ್ಲೇ ಓದಿ ಹೇಳಿದ್ದ. ನಿನ್ನೆ ಅವನ ಕಣ್ಣು ಸರಿಯಾಗಿತ್ತು.

"ತಡ ಆತು ಸ್ವಾಮಿ, ಹನ್ನೊಂದಕ್ಕೆ ಒಳಗೆ ಕರೀತಾರಂತೆ" ಎಂದ ಹನುಮಣ್ಣ. ಇಫ್ತಿಕಾರ್ ಛಾಪಾ ಕಾಗದದ ಮೇಲೆ ತೆಗೆದ ಪ್ರಿಂಟನ್ನು ಇನ್ನೂ ಬಿಸಿ ಇರುವಾಗಲೇ ಅವನ ಕೈಗೆ ಕೊಟ್ಟ. ಓಂಕಾರಮೂರ್ತಿ ಕೂತು, ಕನ್ನಡಕ ಸರಿಮಾಡಿಕೊಂಡು ಹಾಳೆಯ ಮೇಲೆ ಕಣ್ಣು ನೆಟ್ಟ. ಕಪ್ಪು ಗೆರೆಗಳು. ಹಾಳೆ ತಲೆಕೆಳಗಾಗಿದ್ದರೂ ತನಗೆ ತಿಳಿಯುವುದಿಲ್ಲ ಎಂಬುದು ಹೊಳೆಯಿತು. ಛಾಪಾ ಕಾಗದದ ಚಿತ್ರ ಮೇಲಕ್ಕೇ ಇತ್ತು, ಸದ್ಯ. ಈಗ ಹೇಳಿಬಿಡಲೇ? ಹೇಳಿದರೆ ಮೇಜು ಹೋಯಿತು, ಹೆಸರು ಹೋಯಿತು. ಎದುರು ಸಾಲಿನ ಬರಹಗಾರರೆಲ್ಲ ಬಂದು, ಅಯ್ಯೋ ಪಾಪ ಎಂದು ಭುಜ ತಟ್ಟಿ, ಪತ್ರ ಬರೆಸಲು ಬಂದ ಪಾರ್ಟಿಗಳನ್ನು ಕರೆದುಕೊಂಡು ಹೋಗುತ್ತಾರೆ. ಅಷ್ಟರಲ್ಲಿ ಅವನ ಬಾಯಿ ಶುರುಮಾಡಿಬಿಟ್ಟಿತ್ತು. "ಮೊಳಕಾಲ್ಮೂರು ಟೌನು ವಾಸಿ ರಂಗಕ್ಕ ಆದ ನಾನು, ನನ್ನ ಖಾಸಾ ತಮ್ಮನಾದ ಹನುಮಣ್ಣನವರಿಗೆ ಬರೆಸಿಕೊಟ್ಟ ಹಕ್ಕು ಬಿಡುಗಡೆ ಪತ್ರದ ಕ್ರಮವೇನೆಂದರೆ..." ಏಳುವುದು, ಇಳಿಯುವುದು, ಎಲ್ಲಿ ಉಸಿರು ತೆಗೆದುಕೊಳ್ಳಬೇಕೋ ಅಲ್ಲಿ ತೆಗೆದುಕೊಳ್ಳುವುದು, ಎಲ್ಲ ಎಂದಿನ ಹಾಗೆಯೇ. "ಹಜಾರ, ಅಡುಗೆಮನೆ, ಹಿತ್ತಲು, ಮಗ್ಗದ ಕೋಣೆ ಹೊರತು..." ಎಂದು ಓದಿದ. ಹಾಳೆ ತಿರುವಬೇಕಾದ ಹೊತ್ತಿಗೆ ತಿರುವಿದ. ರಂಗಕ್ಕ ತಲೆಯ ಮೇಲಿನ ಸೆರಗು ಹಿಡಿದುಕೊಂಡು ಅವನ ಮುಖವನ್ನೇ ನೋಡುತ್ತ ಕೇಳಿದಳು. ಯಾರಿಗೂ ಏನೂ ತಿಳಿಯಲಿಲ್ಲ. ಅವನಿಗೆ ಮೊದಲು ಸಮಾಧಾನವಾಯಿತು, ಅದರ ಬೆನ್ನಿಗೇ ಬೆಳಗಿನದಕ್ಕಿಂತ ದೊಡ್ಡ ಹೆದರಿಕೆ ಬಂತು. ಕಣ್ಣಿದ್ದಾಗ ಓದುತ್ತಿದ್ದುದಕ್ಕೂ ಈಗ ಓದಿದ್ದಕ್ಕೂ ಏನು ವ್ಯತ್ಯಾಸ?

ಹನುಮಣ್ಣ ಮಸಿಯ ಪ್ಯಾಡನ್ನು ಮುಂದಕ್ಕೆ ಸರಿಸಿ, "ಪೆಟ್ಟಕ್ಕಾ, ತೊಂದರಗಾ" ಎಂದು ಮನೆಯ ತೆಲುಗಿನಲ್ಲಿ, ಬೇಗ ಒತ್ತೆಂದು ಅವಸರಪಡಿಸಿದ. ರಂಗಕ್ಕ ಎಡಗೈ ಹೆಬ್ಬೆರಳನ್ನು ಪ್ಯಾಡಿಗೆ ಒತ್ತಿದಳು. ರೇಷ್ಮೆ ಎಳೆ ಆಡಿ ಆಡಿ ಬೆರಳ ತುದಿಯಲ್ಲಿ ಸಣ್ಣ ಸಣ್ಣ ಗೀರುಗಳಿದ್ದವು. "ನಿನ್ನೆ ಹೇಳಿದಂಗೇ ಐತಲ್ಲ ಸ್ವಾಮಿ?" ಎಂದಳು. "ಹೂಂ" ಎಂದ ಓಂಕಾರಮೂರ್ತಿ. ಕಪ್ಪು ಹೆಬ್ಬೆರಳು ಹಾಳೆಯ ಕಡೆ ಬಂತು. ಟವೆಲ್ ಹಿಡಿದು ನಿಂತ ಓಬಯ್ಯ ಕಣ್ಣ ಮುಂದೆ ಬಂದ. ನೀವು ಓದ್ದಾಗ ನಂದೇ ಇತ್ತಲ್ಲ?

"ತಾಳು" ಎಂದ ಓಂಕಾರಮೂರ್ತಿ. ದನಿ ತನ್ನದೇ ಅನ್ನಿಸಲಿಲ್ಲ. "ತಾಳು ರಂಗಕ್ಕ. ಇನ್ನೊಂದ್ಸಲ ಓದ್ತೀನಿ."

ಈ ಸಲ ಅವನು ತೋರುಬೆರಳನ್ನು ಮೊದಲ ಅಕ್ಷರದ ಮೇಲೆ ಇಟ್ಟ. ಅದರ ಗೆರೆಯ ಗುಂಟ ಬೆರಳಾಡಿಸಿ, ಅದೇ ಗೆರೆಯನ್ನು ಇನ್ನೊಂದು ಕೈಯಿಂದ ತೊಡೆಯ ಮೇಲೆ ತಿದ್ದಿದ. "ಮೊ" ಎಂದ. ಮುಂದಿನದು, "ಳ". ಹೀಗೆ ಒಂದು ಸಾಲು ಮುಗಿಯುವಷ್ಟರಲ್ಲಿ ಹಣೆಯ ಬೆವರು ಹಾಳೆಯ ಮೇಲೆ ತೊಟ್ಟಿಕ್ಕಿತು. ಹನುಮಣ್ಣ ಮೊದಲು ನಕ್ಕ, ಆಮೇಲೆ ರೇಗಿದ, "ಏನ್ ಸ್ವಾಮಿ ಇದು, ಒಂದನೇ ಕ್ಲಾಸ್ ಮಕ್ಕಳಂಗೆ? ಟೈಮ್ ಆಗ್ತೈತೆ." ಎದುರು ಸಾಲಿನಿಂದ ಇಬ್ಬರು ಎದ್ದು ಬಂದು ನಿಂತರು. ಇಫ್ತಿಕಾರ್ ಅಂಗಡಿಯೊಳಗಿಂದ ಇಣುಕಿ, "ಸಾರ್, ತಬಿಯತ್ ಸರಿ ಇಲ್ವಾ? ಕೊಡ್ರಿ, ನಾನು ಓದ್ತೀನಿ" ಎಂದ. ಓಂಕಾರಮೂರ್ತಿ ಹಾಳೆಯನ್ನು ಎದೆಗೆ ಒತ್ತಿ ಹಿಡಿದು ಬೇಡವೆಂದು ತಲೆಯಾಡಿಸಿದ. ನಾಚಿಕೆಯಿಂದ ಕಿವಿ ಸುಡುತ್ತಿತ್ತು. ಆದರೂ ಬೆರಳು ನಿಲ್ಲಲಿಲ್ಲ. ನಾಲ್ಕನೆಯ ಸಾಲು, ಐದನೆಯ ಸಾಲು. ಅವನ ಮನಸ್ಸು ಸುಮ್ಮನಿರದೆ ಪ್ರತಿ ಅಕ್ಷರಕ್ಕೂ ಮುಂದೋಡಿ ಇಡೀ ಮಾತನ್ನು ತಂದು ಕೈಗಿಡುತ್ತಿತ್ತು. 'ಹ' ಎಂದರೆ ಹಜಾರ, 'ಅ' ಎಂದರೆ ಅಡುಗೆಮನೆ. ಬೆರಳು ಹೇಳುವವರೆಗೂ ನಂಬುವುದಿಲ್ಲ ಎಂದು ಅವನು ಹಲ್ಲು ಕಚ್ಚಿ ಮನಸ್ಸನ್ನು ಹಿಂದಕ್ಕೆ ಎಳೆದುಕೊಂಡ.

"ಮ... ಗ್ಗ... ದ. ಕೋ... ಣೆ." ರಂಗಕ್ಕ ಮುಂದಕ್ಕೆ ಬಗ್ಗಿದಳು. ಹೊರತು, ಎಂದಿತು ಮನಸ್ಸು. ಬೆರಳು ಬೇರೆ ದಾರಿ ಹಿಡಿಯಿತು. ಅವನು ಮೊದಲಿನಿಂದ ತಿದ್ದಿದ. ಮತ್ತೆ ಅದೇ. ಮೂರನೆಯ ಸಲ, ಗೆರೆಯನ್ನು ನೋಡಿಕೊಂಡ ಮೇಲೆ ಕಣ್ಣು ಮುಚ್ಚಿ, ಹಾಲೇಶಪ್ಪ ಮೇಷ್ಟ್ರ ಕೈಯೊಳಗೆ ಬೆರಳಿಟ್ಟವನ ಹಾಗೆ ತಿದ್ದಿದ. "ಸ... ಹಿ... ತ." "ಮಗ್ಗದ ಕೋಣೆ ಸಹಿತ" ಎಂದ, ಯಾರಿಗೂ ಅಲ್ಲ ಎಂಬಂತೆ.

"ಸಹಿತ ಅಂದ್ರೆ?" ಎಂದಳು ರಂಗಕ್ಕ.

"ಅದನ್ನೂ ಸೇರಿಸಿ. ನಿನ್ನ ಕೋಣೇನೂ ಬಿಟ್ಟುಕೊಟ್ಟಂಗೆ."

ರಂಗಕ್ಕ ತಮ್ಮನ ಕಡೆ ನೋಡಿದ ನೋಟಕ್ಕೆ ಹನುಮಣ್ಣನ ಮುಖ ಬಿಳುಚಿತು. "ನಾನಲ್ಲಕ್ಕಾ, ಅಮ್ಮನಾಣೆಗೂ ನಾನು ಹೇಳಿ ಬರೆಸಿದ್ದಲ್ಲ" ಎಂದ. ಇಫ್ತಿಕಾರ್ ಒಳಗೆ ಹೋಗಿ ನಿನ್ನೆಯ ಕರಡನ್ನು ಹುಡುಕಿ ತಂದ. ಅದನ್ನು ಮೇಜಿನ ಮೇಲಿಟ್ಟು ದನಿ ತಗ್ಗಿಸಿ ಹೇಳಿದ, "ಸಾರ್, ನಿಮ್ಮ ಕೈಬರಹದಾಗೂ ಸಹಿತ ಅಂತ್ಲೇ ಐತೆ. ನಾನು ಇದ್ದಂಗೆ ಟೈಪ್ ಹೊಡ್ದೀನಿ." ಓಂಕಾರಮೂರ್ತಿ ತನ್ನದೇ ಕೈಬರಹದ ಮೇಲೆ ಬೆರಳಾಡಿಸಿದ. ಹೌದು. ನೇಕಾರರ ಊರು ಇದು. ಮೂವತ್ತು ವರ್ಷದಿಂದ ಎಷ್ಟು ಮನೆಗಳ ಕ್ರಯಪತ್ರ, ಎಷ್ಟು ದಾನಪತ್ರ ಬರೆದಿದ್ದಾನೋ, ಎಲ್ಲದರಲ್ಲೂ 'ಹಿತ್ತಲು, ಮಗ್ಗದ ಕೋಣೆ ಸಹಿತ' ಎಂದೇ ಬಂದಿದೆ. ನಿನ್ನೆಯೂ ಕೈ ಅದನ್ನೇ ಬರೆದು ಮುಗಿಸಿತ್ತು. ನಿನ್ನೆ, ಸರಿಯಾದ ಕಣ್ಣುಗಳಿಂದ, ಅದನ್ನೇ ಮುಂದಿಟ್ಟುಕೊಂಡು 'ಹೊರತು' ಎಂದು ಗಟ್ಟಿಯಾಗಿ ಓದಿದ್ದ. ಹಾಗಾದರೆ ನಿನ್ನೆ ಓದಿದವರು ಯಾರು? ಮೂವತ್ತು ವರ್ಷ ಓದಿದವರು ಯಾರು? ಎಷ್ಟು ಓಬಯ್ಯಂದಿರು, ಎಷ್ಟು ಬಾವಿಗಳು. ಕಚೇರಿಯೊಳಗಿನ ಕಬ್ಬಿಣದ ಬೀರುಗಳಲ್ಲಿ ತಾನು ಓದಿ ಹೇಳಿದ ಕಾಗದಗಳೆಲ್ಲ ಕಟ್ಟುಕಟ್ಟಾಗಿ ಕೂತಿವೆ ಎಂಬುದು ನೆನಪಾಯಿತು.

"ರಂಗಕ್ಕ, ನಂಗೆ ಓದೋಕೆ ಆಗ್ತಿಲ್ಲ" ಎಂದ. ಇಷ್ಟು ಹೊತ್ತು ಹೆದರಿದ್ದ ಮಾತು ಸುಲಭವಾಗಿ ಬಂತು. "ಬೆಳಗ್ಗಿಂದ ಅಕ್ಷರ ತಿಳೀತಿಲ್ಲ. ಆಗಲೇ ಓದಿದ್ದು ಬರೀ ಬಾಯಿಪಾಠ."

"ಈಗ ಓದಿದ್ರಲ್ಲ?" ಎಂದಳು ಅವಳು. ಅದು ಸಮಾಧಾನದ ಮಾತಾಗಿರಲಿಲ್ಲ, ಲೆಕ್ಕ ಕೇಳುವ ಮಾತೂ ಆಗಿರಲಿಲ್ಲ. ಮತ್ತೆ ಹೇಳಿದಳು, "ನಿನ್ನೆ ನಿಮ್ಮ ಕಣ್ಣು ಕಾಗದದ ಮ್ಯಾಲೆ ಇರ್ಲಿಲ್ಲ ಸ್ವಾಮಿ. ರೋಡ್ ಕಡೆ ನೋಡ್ತಾ ಓದಿದ್ರಿ. ನಾ ನೋಡ್ದೆ."

"ಮತ್ಯಾಕೆ ಕೇಳ್ಲಿಲ್ಲ ನೀನು?"

"ಓದೋರು ನೀವು. ನಾನೇನಂತ ಕೇಳ್ಲಿ?"

ಇಫ್ತಿಕಾರ್ ಅವನ ತೋಳು ಹಿಡಿದು, "ಉಠೋ ಸಾರ್, ಮೊದ್ಲು ಆಸ್ಪತ್ರೆಗೆ ಹೋಗಾಣ, ನಮ್ಮ ಮಾಮೂಗೂ ಹಿಂಗೇ ಆಗಿತ್ತು, ತಲೆಯಾಗೆ ರಕ್ತ ಹೆಪ್ಪುಗಟ್ಟಿ" ಎಂದ. ರಕ್ತ ಎಂಬ ಮಾತಿಗೆ ಓಂಕಾರಮೂರ್ತಿ ಹೆದರಿದ. ಮಂಜುಳಮ್ಮನಿಗೆ ಫೋನು ಮಾಡಬೇಕು. ಆದರೆ ಅವನು ಏಳಲಿಲ್ಲ. ಪೆನ್ನು ತೆಗೆದು ಆ ಒಂದು ಸಾಲನ್ನು ಹೊಸದಾಗಿ ಬರೆದ. ಕೈ ದುಂಡಗೆ ಓಡಿತು. ಏನು ಬರೆದೆನೆಂದು ಅವನಿಗೆ ತಿಳಿಯಲಿಲ್ಲ. "ಇದನ್ನ ಹೊಡೆದು, ಹೊಸಾ ಪ್ರಿಂಟ್ ತೆಗೆದು ಓದಿಬಿಡು. ಆಮ್ಯಾಕೆ ಹೋಗಾಣ" ಎಂದ. ಹನುಮಣ್ಣ ಏನೋ ಹೇಳಹೊರಟವನು ಅಕ್ಕನ ಮುಖ ನೋಡಿ ಹೊಸ ಛಾಪಾ ಕಾಗದ ತರಲು ಹೋದ.

ಪ್ರಿಂಟರ್ ಕಿರುಗುಟ್ಟಿ ಹಾಳೆ ಹೊರಬಂತು. ಇಫ್ತಿಕಾರ್ ಮೇಜಿನ ಹಿಂದೆ, ಓಂಕಾರಮೂರ್ತಿಯ ಕುರ್ಚಿಯಲ್ಲಿ ಕೂತ. ಓಂಕಾರಮೂರ್ತಿ ಬೆಂಚಿನ ಮೇಲೆ ರಂಗಕ್ಕನ ಪಕ್ಕದಲ್ಲಿ ಕೂತಿದ್ದ. ಮೂವತ್ತು ವರ್ಷದಲ್ಲಿ ಆ ಬೆಂಚಿನ ಮೇಲೆ ಕೂತವನೇ ಅಲ್ಲ. ಅಲ್ಲಿಂದ ನೋಡಿದರೆ ಹಾಳೆಯ ಬೆನ್ನು ಮಾತ್ರ ಕಾಣುತ್ತಿತ್ತು. ಅವನಿಗೆ ತಿಳಿಯದ ಹಾಗೆಯೇ ಎರಡೂ ಕೈ ಮಡಿಲಲ್ಲಿ ಸೇರಿಕೊಂಡಿದ್ದವು. ಇಫ್ತಿಕಾರ್ ಓದತೊಡಗಿದ. "ರಂಗಕ್ಕ ಆದ ನಾನು, ನನ್ನ ಖಾಸಾ ತಮ್ಮನಾದ..." ಅದೇ ಏಳುವುದು, ಅದೇ ಇಳಿಯುವುದು. ಈ ರಾಗವನ್ನು ಹುಡುಗ ತನ್ನಿಂದಲೇ ಕಲಿತಿದ್ದಾನೆ. ಓಂಕಾರಮೂರ್ತಿ ಕೇಳುವುದನ್ನು ಬಿಟ್ಟು ಅವನ ಕಣ್ಣನ್ನು ನೋಡುತ್ತ ಕೂತ. ಕಣ್ಣು ಎಡದಿಂದ ಬಲಕ್ಕೆ ಹೋಗುತ್ತಿತ್ತು, ಮತ್ತೆ ಎಡಕ್ಕೆ ಬರುತ್ತಿತ್ತು. ಹೋಗಲಿ, ಇನ್ನೊಂದು ಸಾಲು ಹೋಗಲಿ ಎಂದು ಅವನು ಒಳಗೇ ಬೇಡಿಕೊಳ್ಳುತ್ತಿದ್ದ. "ಹಜಾರ, ಅಡುಗೆಮನೆ, ಹಿತ್ತಲು..." ಎನ್ನುವಾಗ ಇಫ್ತಿಕಾರನ ಜೇಬಿನಲ್ಲಿ ಫೋನು ಹೊಡೆದುಕೊಂಡಿತು. ಅವನ ಕಣ್ಣು ಹಾಳೆಯಿಂದ ಎದ್ದು ಜೇಬಿಗೆ ಹೋಯಿತು, ಕೈಯೂ ಹೋಯಿತು. ಬಾಯಿ ಮಾತ್ರ ನಿಲ್ಲದೆ "ಮಗ್ಗದ ಕೋಣೆ ಹೊರತು ಉಳಿದೆಲ್ಲ..." ಎಂದು ಓದುತ್ತಲೇ ಹೋಯಿತು.

ಓಂಕಾರಮೂರ್ತಿಗೆ ಕೂಗಬೇಕೆನ್ನಿಸಿತು. ಅಷ್ಟರಲ್ಲಿ ಪಕ್ಕದಲ್ಲಿ ರಂಗಕ್ಕ ಎದ್ದು ನಿಂತಿದ್ದಳು. ಮಸಿ ಹತ್ತಿದ ಹೆಬ್ಬೆರಳನ್ನು ಸೀರೆಗೆ ತಾಗದಂತೆ ದೂರ ಹಿಡಿದುಕೊಂಡು ಮೇಜಿನ ಹತ್ತಿರ ಹೋದಳು.

"ನಿಲ್ಸಪ್ಪಾ" ಎಂದಳು. "ಫೋನ್ ಆಮ್ಯಾಕೆ. ಆ ಸಾಲು ಇನ್ನೊಂದ್ಸಲ ಓದು. ಬೆರಳಿಟ್ಟು ಓದು."